‘ನಾ ಯಾರ ಮನಿಯಾಕಿ?’ – ಹದಿಹರೆಯದ ಮಗಳ ಹಟವೂ ಮನೆಯವರ ಹೊಣೆಯೂ



ನಾಲ್ಕು ದಶಕಗಳಿಗೆ ಸಮೀಪಿಸುತ್ತಿರುವ ನನ್ನ ವೈದ್ಯವೃತ್ತಿಯಲ್ಲಿ ಜ್ವರ, ಆಮವಾತ, ಅರ್ಧತಲೆನೋವುಗಳಂತಹ ವ್ಯಾಧಿಗಳಿಗೆ ಔಷಧ ಬಯಸಿ ಬಂದವರೇ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಬೇಡಿಕೆಯೂ ಕೇಳಿಬರುತ್ತಿದೆ. ತಂದೆಯೋ ತಾಯಿಯೋ ಹದಿನೈದು-ಹದಿನಾರರ ಮಗಳನ್ನು ಮುಂದೆ ಕೂರಿಸಿ, ‘ಇವಳು ನಮ್ಮ ಮಾತು ಕೇಳುತ್ತಿಲ್ಲ, ಏನಾದರೂ ಕೊಡಿ’ ಎನ್ನುತ್ತಾರೆ. ಮಗಳು ಗೋಡೆಯತ್ತ ಮುಖ ತಿರುಗಿಸಿ ಕುಳಿತಿರುತ್ತಾಳೆ. ಈ ತಿಂಗಳು ಆ ವಿಷಯವನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪಿನ ನಿವೇದನೆಯೂ ಇದೆ.

ಮೂರು ವರ್ಷಗಳ ಹಿಂದೆ, ಶ್ರಾವಣ ಮುಗಿದ ವಾರ, ರೈತರೊಬ್ಬರು ತಮ್ಮ ಹಿರಿಯ ಮಗಳೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆ ಮಗಳೂ ಅವಳ ತಂದೆಯೂ ಇದನ್ನು ಬರೆಯಲು ಒಪ್ಪಿದ್ದಾರೆ.) ಹುಡುಗಿಗೆ 16 ವರ್ಷ. ಪಿಯುಸಿ ಮೊದಲನೆಯ ವರ್ಷ, ವಿಜ್ಞಾನ ವಿಭಾಗ. ಮೊಣಕಾಲಿಗೆ ಬರುತ್ತಿದ್ದ ಜಡೆಯನ್ನು ಯಾರಿಗೂ ಹೇಳದೆ ಭುಜದವರೆಗೆ ಕತ್ತರಿಸಿಕೊಂಡಿದ್ದಳು. ಕಾಲೇಜಿಗೆಂದು ಹೊರಟು ಗೆಳತಿಯರೊಡನೆ ಬಸ್ ನಿಲ್ದಾಣದಲ್ಲಿ ಕುಳಿತಿರುತ್ತಿದ್ದಳು. ಮನೆಯಲ್ಲಿ ಮಾತಿಗೆ ಮಾತು, ಇಲ್ಲವಾದರೆ ದಿನಗಟ್ಟಲೆ ಮೌನ.

‘ಹುಡುಗಿ ಕೈಮೀರಿ ಹೊಂಟಾಳ್ರಿ ಡಾಕ್ಟ್ರ. ತಲಿ ತಂಪಾಗೂ ಹಂಗ ಏನರ ಔಷಧ ಕೊಡ್ರಿ. ಬರೂ ಬ್ಯಾಸಿಗ್ಯಾಗ ಲಗ್ನ ಮಾಡಿ ಕೈ ತೊಳಕೋತೀವಿ’ ಎಂದರು ತಂದೆ.

ನಾನು ಅಂದು ಮಾಡಿದ್ದು ಇಷ್ಟು: ನಾಡಿ ನೋಡಿದೆ, ನಾಲಿಗೆ ನೋಡಿದೆ, ತಂದೆಯ ಎದುರಿನಲ್ಲಿಯೇ ಅವಳಿಗೆ ಕಾಲು ಗಂಟೆ ಬುದ್ಧಿವಾದ ಹೇಳಿದೆ. ತಂದೆತಾಯಿಗಳ ತ್ಯಾಗ, ಹೆಣ್ಣುಮಕ್ಕಳ ಜವಾಬ್ದಾರಿ, ಓದಿನ ಮಹತ್ವ ಎಲ್ಲವೂ ಅದರಲ್ಲಿದ್ದವು. ಬಳಿಕ ಸಾರಸ್ವತಾರಿಷ್ಟವನ್ನು ಬರೆದುಕೊಟ್ಟು ಕಳುಹಿಸಿದೆ. ಹುಡುಗಿ ಒಂದು ಮಾತನ್ನೂ ಆಡಲಿಲ್ಲ. ನಾನೂ ಅವಳಿಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ಎರಡು ತಿಂಗಳ ನಂತರ.

ದೀಪಾವಳಿ ಕಳೆದ ವಾರ ಅವಳು ಒಂದು ರಾತ್ರಿ ಮನೆಗೆ ಬರಲಿಲ್ಲ. ತಂದೆ ಮತ್ತು ಅವರ ಅಣ್ಣತಮ್ಮಂದಿರು ಬಸ್ ನಿಲ್ದಾಣ, ರೈಲು ನಿಲ್ದಾಣ, ಕೆರೆಯ ದಂಡೆಗಳನ್ನೆಲ್ಲ ಹುಡುಕಿದರು. ಬೆಳಗಿನ ಜಾವ ಪಕ್ಕದ ಊರಿನ ಗೆಳತಿಯೊಬ್ಬಳ ಮನೆಯಲ್ಲಿ ಸಿಕ್ಕಳು. ಅಂದು ಮಧ್ಯಾಹ್ನ ಅವರು ಮತ್ತೆ ನನ್ನಲ್ಲಿಗೆ ಬಂದಾಗ ಆ ತಂದೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಕೆರೆಯ ದಂಡೆಯಲ್ಲಿ ಬ್ಯಾಟರಿ ಹಿಡಿದು ನಿಂತಿದ್ದ ಗಳಿಗೆ ಇನ್ನೂ ಅವರನ್ನು ಬಿಟ್ಟಿರಲಿಲ್ಲ.

ಈ ಸಲ ತಂದೆಯನ್ನು ಹೊರಗೆ ಕೂರಿಸಿದೆ. ರಕ್ತಪರೀಕ್ಷೆಗೆಂದು ಹುಡುಗಿಯನ್ನು ನಮ್ಮ ನರ್ಸ್ ಒಳಕೋಣೆಗೆ ಕರೆದೊಯ್ದರು. ನನ್ನೊಡನೆ ತುಟಿ ಬಿಚ್ಚದ ಹುಡುಗಿ ಅವರೊಡನೆ ಮುಕ್ಕಾಲು ಗಂಟೆ ಮಾತನಾಡಿದಳು, ಅತ್ತಳು. ಕೊನೆಗೆ ಅವಳ ಒಪ್ಪಿಗೆಯ ಮೇಲೆ ನರ್ಸ್ ನನ್ನನ್ನೂ ಒಳಗೆ ಕರೆದರು. ‘ಯವ್ವಾ, ಹೋದ ಸಲ ನಾ ನಿನ್ನ ಮಾತು ಕೇಳಲಿಲ್ಲ, ತಪ್ಪಾತು’ ಎಂದೆ. ಅವಳು ನರ್ಸ್ ಕಡೆಗೇ ನೋಡುತ್ತ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ:

‘ಸಣ್ಣಾಕಿ ಇದ್ದಾಗಿಂದ ನೀ ಇನ್ನೊಬ್ಬರ ಮನಿಗೆ ಹೋಗೂವಾಕಿ ಅಂತಾರ. ಹ್ವಾದ ಮ್ಯಾಲ ಅಲ್ಲಿಯವ್ರು ಹೊರಗಿಂದ ಬಂದಾಕಿ ಅಂತಾರ. ನಮ್ಮವ್ವಗ ಇನ್ನೂ ಹಂಗ ಅಂತಾರ. ಹಂಗಾರ ನಾ ಯಾರ ಮನಿಯಾಕಿ, ಅಕ್ಕಾರ?’

ಆರು ತಿಳಿವಳಿಕೆಗಳು

ಅಂದು ರಾತ್ರಿ ನಾನು ಚರಕಸಂಹಿತೆಯನ್ನು ತೆರೆದೆ. ಸೂತ್ರಸ್ಥಾನದ 11ನೆಯ ಅಧ್ಯಾಯವಾದ ತಿಸ್ರೈಷಣೀಯದಲ್ಲಿ ಚಿಕಿತ್ಸೆಯು ಮೂರು ವಿಧವೆಂದು ಹೇಳಿದೆ: ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ ಮತ್ತು ಸತ್ತ್ವಾವಜಯ. ಮೊದಲನೆಯದು ಪೂಜೆ, ಜಪ, ವ್ರತಗಳಿಗೆ ಸಂಬಂಧಿಸಿದ್ದು. ಎರಡನೆಯದು ಆಹಾರ ಮತ್ತು ಔಷಧ. ಮೂರನೆಯದು ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ತರುವುದು. ಅದೇ ಅಧ್ಯಾಯದಲ್ಲಿ, ಮನಸ್ಸಿನ ವ್ಯಾಧಿ ಬಂದಾಗ ಬಲ್ಲವರ ಆಶ್ರಯ ಪಡೆಯಬೇಕೆಂದೂ, ಆತ್ಮ, ದೇಶ, ಕುಲ, ಕಾಲ, ಬಲ, ಶಕ್ತಿ ಎಂಬ ಆರನ್ನು ಸರಿಯಾಗಿ ತಿಳಿಯಲು ಯತ್ನಿಸಬೇಕೆಂದೂ ಹೇಳಿದೆ.

ವಿದ್ಯಾರ್ಥಿದೆಸೆಯಿಂದಲೂ ಓದಿದ್ದ ಈ ಸಾಲು ಅಂದು ನನಗೆ ಬೇರೆಯಾಗಿ ಕಂಡಿತು. ನಾನು ಯಾರು? ನಾನು ಎಲ್ಲಿದ್ದೇನೆ? ನಾನು ಯಾರವಳು? ಇದು ನನ್ನ ಯಾವ ವಯಸ್ಸು? ನನ್ನ ದೇಹದ ಬಲವೆಷ್ಟು? ನನ್ನಿಂದ ಏನು ಸಾಧ್ಯ? ಹದಿಹರೆಯದ ಹಟವೆಂದು ನಾವು ಕರೆಯುವುದೆಲ್ಲ ಬಹುಮಟ್ಟಿಗೆ ಈ ಆರು ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನ. ಮನೆಯಲ್ಲಿ ಉತ್ತರ ಸಿಗದಿದ್ದರೆ ಮಗು ಅದನ್ನು ಹೊರಗೆ ಹುಡುಕುತ್ತದೆ. ಆ ಹುಡುಗಿಯ ವಿಷಯದಲ್ಲಿ ಈ ಆರನ್ನೂ ಒಂದೊಂದಾಗಿ ನೋಡೋಣ.

ಕಾಲ: ಈ ವಯಸ್ಸಿನ ಸ್ವಭಾವ

ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ಚರಕಾಚಾರ್ಯರು ಬಾಲ್ಯವನ್ನು ಎರಡು ಭಾಗ ಮಾಡಿದ್ದಾರೆ. 16 ವರ್ಷಗಳವರೆಗೆ ಧಾತುಗಳು ಪಕ್ವವಾಗಿರುವುದಿಲ್ಲ. ಅಲ್ಲಿಂದ 30 ವರ್ಷಗಳವರೆಗೆ ಧಾತುಗಳು ಬೆಳೆಯುತ್ತಿದ್ದರೂ ಮನಸ್ಸು ಪ್ರಾಯಶಃ ಅಸ್ಥಿರವಾಗಿರುತ್ತದೆ. ಅಂದರೆ ದೇಹ ದೊಡ್ಡವರಂತೆ ಕಂಡರೂ ಮನಸ್ಸು ನೆಲೆಗೊಳ್ಳಲು ಇನ್ನೂ ಬಹಳ ಕಾಲ ಬೇಕು.

ಆಧುನಿಕ ನರವಿಜ್ಞಾನವೂ ಇದಕ್ಕೆ ಹತ್ತಿರವಾದುದನ್ನು ಹೇಳುತ್ತದೆ. ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ಮುಂದಾಲೋಚನೆ, ಸಂಯಮ, ತೂಗಿನೋಡುವಿಕೆಗಳ ನೆಲೆ. ಅದು ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಕೆಲವು ವರ್ಷಗಳ ನಂತರ. ಭಾವನೆ, ಉತ್ಸಾಹಗಳನ್ನು ನಿರ್ವಹಿಸುವ ಭಾಗಗಳು ಅದಕ್ಕಿಂತ ಮೊದಲೇ ಚುರುಕಾಗುತ್ತವೆ. ಆದ್ದರಿಂದ ಹದಿಹರೆಯದಲ್ಲಿ ಸಿಟ್ಟು ಬೇಗ ಬರುತ್ತದೆ, ಅದನ್ನು ತಡೆಯುವ ಶಕ್ತಿ ತಡವಾಗಿ ಬರುತ್ತದೆ. ಸಮವಯಸ್ಕರ ಮೆಚ್ಚುಗೆ ತಂದೆತಾಯಿಗಳ ಮೆಚ್ಚುಗೆಗಿಂತ ದೊಡ್ಡದಾಗಿ ತೋರುವುದೂ ಈ ಕಾಲದಲ್ಲಿಯೇ. ಇದು ಆ ವಯಸ್ಸಿನ ಸಹಜ ಲಕ್ಷಣ. ಮಗಳು ಕೆಟ್ಟಳೆಂಬುದಕ್ಕೆ ಇದು ಸಾಕ್ಷಿಯಾಗದು.

ಬಲ: ಸಿಡುಕಿನ ಹಿಂದಿನ ರಕ್ತಹೀನತೆ

ಹುಡುಗಿಯ ಹಿಮೋಗ್ಲೋಬಿನ್ 8.4 ಗ್ರಾಂ ಇತ್ತು. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಕನಿಷ್ಠ 12 ಇರಬೇಕು. ಋತುಸ್ರಾವ ಏಳೆಂಟು ದಿನ ಧಾರಾಳವಾಗಿ ಆಗುತ್ತಿದ್ದುದನ್ನು ಅವಳು ತಾಯಿಗೂ ಹೇಳಿರಲಿಲ್ಲ. ಬೆಳಗ್ಗೆ ಒಂದು ಲೋಟ ಚಹಾ ಕುಡಿದು ಬಸ್ಸು ಹಿಡಿದರೆ ಮಧ್ಯಾಹ್ನದವರೆಗೆ ಬೇರೇನೂ ಇಲ್ಲ.

ಚರಕಸಂಹಿತೆಯ ಪಾಂಡುರೋಗದ ಲಕ್ಷಣಗಳಲ್ಲಿ ಬಿಳಿಚುವಿಕೆ, ದೌರ್ಬಲ್ಯಗಳ ಜೊತೆಗೆ ಸಿಡುಕುತನ, ತಂಪನ್ನು ಸಹಿಸದಿರುವುದು, ನಿದ್ದೆಯ ಮಂಪರು, ಕಡಿಮೆ ಮಾತನಾಡುವುದು ಇವೂ ಸೇರಿವೆ. ಮನೆಯವರು ‘ಸೊಕ್ಕು’ ಎಂದು ಕರೆಯುತ್ತಿದ್ದ ಸಿಟ್ಟು ಮತ್ತು ಮೌನ ಎರಡೂ ಆ ಪಟ್ಟಿಯಲ್ಲಿದ್ದವು. ಮೊದಲ ಭೇಟಿಯಲ್ಲಿಯೇ ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದ್ದರೆ ನನಗದು ತಿಳಿಯುತ್ತಿತ್ತು. ನಾನು ಉಪದೇಶದಲ್ಲಿ ಮಗ್ನನಾಗಿದ್ದೆ.

ಇದು ಒಬ್ಬ ಹುಡುಗಿಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಶಾಲೆ, ಅಂಗನವಾಡಿಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಎಸೆಯದಂತೆ ನೋಡಿಕೊಳ್ಳಿರಿ. ಸಜ್ಜೆರೊಟ್ಟಿ, ಹುರಳಿಕಾಳು, ಎಳ್ಳು, ಗುರೆಳ್ಳುಪುಡಿ, ಸೊಪ್ಪಿನ ಪಲ್ಯಗಳು ನಮ್ಮ ಅಡುಗೆಮನೆಗೆ ಹೊಸವಲ್ಲ. ಇವುಗಳ ಮೇಲೆ ನಿಂಬೆರಸ ಹಿಂಡಿಕೊಂಡರೆ, ಇಲ್ಲವೆ ನೆಲ್ಲಿಕಾಯಿ ಜೊತೆಗಿದ್ದರೆ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲಿ. ಹಿಮೋಗ್ಲೋಬಿನ್ ಬಹಳ ಕಡಿಮೆಯಿದ್ದರೆ ಆಹಾರವೊಂದೇ ಸಾಲದು, ವೈದ್ಯರ ಸಲಹೆಯಂತೆ ಔಷಧ ಬೇಕು. ಸ್ರಾವ ಹೆಚ್ಚಾಗಿದ್ದರೆ ಥೈರಾಯ್ಡ್ ಪರೀಕ್ಷೆಯೂ ಆಗಬೇಕು.

ದೇಶ: ಮನೆಯಲ್ಲಿ ಮಗಳಿಗೊಂದು ಜಾಗ

ದೇಶವೆಂದರೆ ಇರುವ ನೆಲೆ. ಹುಡುಗಿ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಅಜ್ಜಿಯ ಬಳಿ ಮಲಗುತ್ತಿದ್ದವಳು. ಪರೀಕ್ಷೆಯ ದಿನಗಳಲ್ಲಿಯೇ ಅಜ್ಜಿ ಲಿಂಗೈಕ್ಯರಾದರು. ‘ಅಳಬ್ಯಾಡ, ನಾಳೆ ಪರೀಕ್ಷಾ ಅದ’ ಎಂದು ಅವಳನ್ನು ಓದಲು ಕೂರಿಸಿದರು. ಮೇ ತಿಂಗಳಲ್ಲಿ ಮಕ್ಕಳ ಓದಿಗೆಂದು ಕುಟುಂಬವು ತಾಲೂಕು ಕೇಂದ್ರದ ಬಾಡಿಗೆ ಮನೆಗೆ ಬಂದಿತು. ಇದ್ದ ಒಂದೇ ಕೋಣೆ ಒಂಬತ್ತನೆಯ ತರಗತಿಯ ತಮ್ಮನ ಪಾಲಾಯಿತು. ಇವಳು ಪಡಸಾಲೆಯಲ್ಲಿ, ರಾತ್ರಿ ಹನ್ನೊಂದರವರೆಗೆ ಟಿ.ವಿ. ಓಡುವ ಕಡೆ ಮಲಗಬೇಕು. ಬೆಳಗ್ಗೆ ಐದಕ್ಕೆ ನೀರು ಹಿಡಿಯಲು ಏಳಬೇಕು.

ಚರಕಾಚಾರ್ಯರು ತಡೆಯಬಾರದ 13 ವೇಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ನಿದ್ರೆಯೂ ಒಂದು, ಕಣ್ಣೀರೂ ಒಂದು. ಕಣ್ಣೀರನ್ನು ತಡೆದರೆ ನೆಗಡಿ, ನೇತ್ರರೋಗ, ಹೃದ್ರೋಗ, ಅರುಚಿ, ಭ್ರಮಗಳುಂಟಾಗುತ್ತವೆಂಬುದು ಅವರ ಮತ. ಈ ಹುಡುಗಿಯಲ್ಲಿ ಎರಡೂ ವೇಗಗಳು ತಡೆಹಿಡಿಯಲ್ಪಟ್ಟಿದ್ದವು. ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ಮನೋವೇಗಗಳನ್ನೂ ಹೇಳಿದ್ದಾರೆ. ಅವುಗಳಲ್ಲಿ ಕ್ರೋಧವೊಂದು. ಈ ನಿಯಮವು ಮಕ್ಕಳಿಗೆ ಮಾತ್ರವೆಂದು ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಮಗಳು ಅಳಲಿ, ತಂದೆ ಸಿಟ್ಟನ್ನು ತಡೆದುಕೊಳ್ಳಲಿ. ಎಷ್ಟೋ ಮನೆಗಳಲ್ಲಿ ಇದು ತಿರುಗುಮುರುಗಾಗಿದೆ.

ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಈ ವಯಸ್ಸಿನಲ್ಲಿ ನಿದ್ರೆಯನ್ನು ತರುವ ಮೆಲಟೋನಿನ್ ಎಂಬ ರಸವು ರಾತ್ರಿ ತಡವಾಗಿ ಸ್ರವಿಸುವುದರಿಂದ ಅವರಿಗೆ ಬೇಗ ನಿದ್ದೆ ಬರುವುದಿಲ್ಲ, ಬೇಗ ಎಚ್ಚರವೂ ಆಗುವುದಿಲ್ಲ. ಅದನ್ನು ಸೋಮಾರಿತನವೆಂದು ತಿಳಿಯಬಾರದು. ಆದರೆ ಹಾಸಿಗೆಯಲ್ಲಿ ಕಣ್ಣಮುಂದೆ ಹಿಡಿದ ಮೊಬೈಲ್ ಇದನ್ನು ಇನ್ನಷ್ಟು ಕೆಡಿಸುತ್ತದೆ. ಮನೆಯ ಎಲ್ಲರ ಮೊಬೈಲ್‌ಗಳೂ, ತಂದೆಯದೂ ಸೇರಿ, ರಾತ್ರಿ ಒಂದೆಡೆ ಇರಲಿ.

ಕುಲ: ನಾನು ಯಾರವಳು?

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ಅದನ್ನು ಐದು ವರ್ಷದ ಮಗಳು ಕೇಳಿಸಿಕೊಳ್ಳುತ್ತಿರುತ್ತಾಳೆ. ಗಂಡುಮಗನಿಗೆ ಹದಿಹರೆಯದಲ್ಲಿ ‘ನಾನು ಯಾರು’ ಎಂಬ ಪ್ರಶ್ನೆ ಎದುರಾದರೂ ‘ನಾನು ಯಾವ ಮನೆಯವನು’ ಎಂಬ ಸಂಶಯವಿರುವುದಿಲ್ಲ. ಹೆಣ್ಣುಮಗಳಿಗೆ ಎರಡೂ ಒಟ್ಟಿಗೇ ಎದುರಾಗುತ್ತವೆ. ‘ಲಗ್ನ ಮಾಡಿ ಕೈ ತೊಳಕೋತೀವಿ’ ಎಂಬ ಮಾತು ನನ್ನ ಕೋಣೆಯಲ್ಲಿ ಅವಳ ಎದುರಿಗೇ ಬಂದಿತ್ತು. ಯಾವುದರಿಂದ ಕೈ ತೊಳೆದುಕೊಳ್ಳುತ್ತೇವೆ ಎಂಬುದನ್ನು ಒಮ್ಮೆ ಯೋಚಿಸಬೇಕು.

ಆ ಹುಡುಗಿಗೆ ಜೊತೆಯಾದ ಮೂವರು ಗೆಳತಿಯರೂ ಹಳ್ಳಿಗಳಿಂದ ಬಂದವರು. ಇಂಗ್ಲಿಷಿನಲ್ಲಿ ನಡೆಯುವ ಪಾಠ ಅವರಾರಿಗೂ ತಿಳಿಯುತ್ತಿರಲಿಲ್ಲ. ತರಗತಿಯಲ್ಲಿ ಎದ್ದು ನಿಲ್ಲುವ ಅವಮಾನಕ್ಕಿಂತ ಬಸ್ ನಿಲ್ದಾಣದ ಕಲ್ಲುಬೆಂಚು ಅವರಿಗೆ ಹಿತವಾಗಿತ್ತು. ನಾಲ್ವರೂ ಒಂದೇ ದಿನ ಜಡೆ ಕತ್ತರಿಸಿಕೊಂಡಿದ್ದರು. ‘ಅಲ್ಲಿ ನನ್ನ ಯಾರೂ ಕಳಸಾಕ ನೋಡೂದಿಲ್ರಿ’ ಎಂದಳು. ನಾವು ಕೆಟ್ಟ ಸಹವಾಸವೆಂದು ಕರೆದದ್ದು ಅವಳ ಪಾಲಿಗೆ ತನ್ನವರು ಇರುವ ಏಕೈಕ ಸ್ಥಳವಾಗಿತ್ತು. ಎಲ್ಲ ಗುಂಪುಗಳೂ ಇಷ್ಟು ನಿರುಪದ್ರವಿಯಾಗಿರುವುದಿಲ್ಲ. ಇದೇ ಹಸಿವಿನಲ್ಲಿರುವ ಹುಡುಗಿಯನ್ನು ‘ನೀನು ನನ್ನವಳು’ ಎಂದು ನಂಬಿಸಿ ದುರುಪಯೋಗ ಮಾಡಿಕೊಳ್ಳುವವರೂ ಇದ್ದಾರೆ. ಆ ಮಾತನ್ನು ಅವಳು ಮೊದಲು ಮನೆಯಲ್ಲಿ ಕೇಳಿದ್ದರೆ ಹೊರಗಿನವರ ಮಾತಿಗೆ ಅಷ್ಟು ಬೆಲೆ ಬರುವುದಿಲ್ಲ.

ನಮ್ಮ ಪರಂಪರೆಯಲ್ಲಿ ಇಷ್ಟಲಿಂಗವನ್ನು ಕಟ್ಟುವಾಗ ಹೆಣ್ಣು-ಗಂಡೆಂಬ ಭೇದವಿಲ್ಲ. ಕಾನೂನಿನಲ್ಲಿಯೂ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಮಗಳು ಮಗನಂತೆಯೇ ಹುಟ್ಟಿನಿಂದ ಪಿತ್ರಾರ್ಜಿತದ ಸಹಭಾಗಿ, ವಿವಾಹದಿಂದ ಆ ಹಕ್ಕು ಹೋಗುವುದಿಲ್ಲ. ಧರ್ಮವೂ ಕಾನೂನೂ ನಮ್ಮವಳೆಂದ ಮಗಳನ್ನು ನಮ್ಮ ಮಾತುಗಳು ಮಾತ್ರ ಹೊರಗಿಡುತ್ತಿವೆ.

12ನೆಯ ಶತಮಾನದಲ್ಲಿ ಉಡುತಡಿಯ ಮಹಾದೇವಿ ಅರಮನೆಯನ್ನು ತೊರೆದು, ಲೋಕದ ಕಟ್ಟಳೆಗಳನ್ನು ಮೀರಿ ಕಲ್ಯಾಣಕ್ಕೆ ಬಂದದ್ದು ನಿಮಗೆಲ್ಲ ತಿಳಿದದ್ದೇ. ಶೂನ್ಯಸಂಪಾದನೆಯಲ್ಲಿ ಆ ಪ್ರಸಂಗವನ್ನು ಓದುವಾಗ ವೈದ್ಯನಾಗಿ ನನ್ನ ಗಮನ ಸೆಳೆಯುವುದು ಒಂದು ಅಂಶ. ಅಲ್ಲಮಪ್ರಭುಗಳು ಅವಳನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ, ಕಠಿಣ ಪ್ರಶ್ನೆಗಳನ್ನು ಕೇಳಿದರು. ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾದರು. ಉತ್ತರ ಬಂದಾಗ ಶರಣರೆಲ್ಲರೂ ಅವಳನ್ನು ಅಕ್ಕ ಎಂದರು. ನಮ್ಮ ಮನೆಯ ಮಗಳನ್ನು ಅಕ್ಕನಿಗೆ ಹೋಲಿಸುವ ಸಾಹಸ ನನ್ನದಲ್ಲ. ಕೇಳುವ ರೀತಿಯನ್ನು ಮಾತ್ರ ಆ ಹಿರಿಯರಿಂದ ಕಲಿಯಬಹುದು.

ಶಕ್ತಿ ಮತ್ತು ಆತ್ಮ: ನನ್ನಿಂದ ಏನಾಗುತ್ತದೆ, ನಾನು ಯಾರು

ನರ್ಸ್ ಕೇಳಿದ ಒಂದು ಸರಳ ಪ್ರಶ್ನೆಯಿಂದ ಇನ್ನೊಂದು ವಿಷಯ ಹೊರಬಂತು. ‘ನಿನಗ ಭಾಳ ಸಂತೋಷ ಆಗಿದ್ದ ಕೆಲಸ ಯಾವುದು?’ ಹಳ್ಳಿಯಲ್ಲಿ ಅಜ್ಜಿಯ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕವನ್ನು ಎರಡು ವರ್ಷ ಬರೆದವಳು ಈ ಹುಡುಗಿ. ಪ್ರತಿ ಶನಿವಾರ ಸಂಜೆ ಹತ್ತು-ಹನ್ನೆರಡು ಹೆಂಗಸರು ಅವಳ ಸುತ್ತ ಕೂರುತ್ತಿದ್ದರು. ಉಳಿತಾಯ, ಸಾಲ, ಬಡ್ಡಿ ಎಲ್ಲವೂ ಅವಳ ಕೈಬರಹದಲ್ಲಿತ್ತು. ಒಂದು ರೂಪಾಯಿಯೂ ತಪ್ಪಿರಲಿಲ್ಲ. ಪಟ್ಟಣಕ್ಕೆ ಬಂದ ಮೇಲೆ ಅವಳನ್ನು ಯಾರೂ ಯಾವುದಕ್ಕೂ ಕಾಯುತ್ತಿರಲಿಲ್ಲ. ಯಾರಿಗಾದರೂ ತಾನು ಬೇಕಾಗಿದ್ದೇನೆ ಎಂಬ ಅರಿವು ಮನುಷ್ಯನಿಗೆ ಅನ್ನದಷ್ಟೇ ಅಗತ್ಯ.

ಇನ್ನು ಕೂದಲು, ಉಡುಪು, ಗೆಳತಿಯರು, ಹಾಡು ಇವುಗಳಲ್ಲಿ ತನ್ನತನವನ್ನು ಪರೀಕ್ಷಿಸಿ ನೋಡುವುದು ಈ ವಯಸ್ಸಿನ ಸಹಜ ಪ್ರಯೋಗ. ಕತ್ತರಿಸಿದ ಕೂದಲು ಮತ್ತೆ ಬೆಳೆಯುತ್ತದೆ. ಆಡಿದ ಮಾತು ಹಾಗಲ್ಲ. ಸಣ್ಣ ವಿಷಯಗಳಲ್ಲಿ ಬಿಟ್ಟುಕೊಟ್ಟ ತಂದೆತಾಯಿಗಳ ಮಾತಿಗೆ ದೊಡ್ಡ ವಿಷಯಗಳಲ್ಲಿ ತೂಕ ಬರುತ್ತದೆ.

ನಾವು ಮಾಡಿದ ಚಿಕಿತ್ಸೆ

ರಕ್ತಹೀನತೆಗೂ ಅತಿಸ್ರಾವಕ್ಕೂ ಔಷಧ ನಡೆಯಿತು. ರಾತ್ರಿ ಒಂಬತ್ತೂವರೆಗೆ ಟಿ.ವಿ. ನಿಲ್ಲಿಸಲು ತಂದೆ ಒಪ್ಪಿದರು. ತಮ್ಮನ ಕೋಣೆಯ ನಡುವೆ ಪರದೆ ಹಾಕಿ ಅವಳಿಗೂ ಒಂದು ಮೇಜು, ಒಂದು ದೀಪ ಇಟ್ಟರು. ನೀರು ಹಿಡಿಯುವ ಕೆಲಸವನ್ನು ಅಕ್ಕ-ತಮ್ಮ ದಿನಬಿಟ್ಟು ದಿನ ಹಂಚಿಕೊಂಡರು. ಭಾನುವಾರ ತಾಯಿ ಮಗಳ ತಲೆಗೂ ಪಾದಕ್ಕೂ ಎಳ್ಳೆಣ್ಣೆ ಹಚ್ಚಬೇಕೆಂದು ಬರೆದುಕೊಟ್ಟೆ. ಶಿರೋಭ್ಯಂಗ, ಪಾದಾಭ್ಯಂಗಗಳಿಂದ ಸುಖನಿದ್ರೆ ಬರುತ್ತದೆಂಬುದು ಶಾಸ್ತ್ರ. ಆ ಅರ್ಧ ಗಂಟೆಯಲ್ಲಿ ತಾಯಿಮಗಳು ಏನು ಮಾತನಾಡಿದರೋ ನನಗೆ ತಿಳಿಯದು. ಅಜ್ಜಿಯ ಮಾತು ಬಂದು ಇಬ್ಬರೂ ಅತ್ತರೆಂದು ಒಮ್ಮೆ ತಾಯಿ ಹೇಳಿದರು.

ಬ್ರಾಹ್ಮಿ, ಶಂಖಪುಷ್ಪಿ, ಅಶ್ವಗಂಧಗಳ ಬಗ್ಗೆ ಅನೇಕರು ಕೇಳುತ್ತಾರೆ. ಅವಕ್ಕೆ ಅವುಗಳದೇ ಸ್ಥಾನವಿದೆ, ವೈದ್ಯರು ಪರೀಕ್ಷಿಸಿ ಕೊಡಬೇಕು. ಮಗಳು ಎದುರು ಮಾತನಾಡದಂತೆ ಮಾಡುವ ಚೂರ್ಣವು ಯಾವ ಸಂಹಿತೆಯಲ್ಲಿಯೂ ಇಲ್ಲ. ಜಾಹೀರಾತು ನೋಡಿ ಅಂಗಡಿಯಿಂದ ತಂದು ಕುಡಿಸಬೇಡಿರಿ.

ಲಗ್ನದ ಮಾತನ್ನು ನಾನು ತಂದೆಗೆ ನೇರವಾಗಿಯೇ ಹೇಳಿದೆ. 18 ತುಂಬದ ಹುಡುಗಿಯ ವಿವಾಹ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅಪರಾಧ. ಎಂಟೂವರೆ ಗ್ರಾಂ ರಕ್ತವೂ ಇಲ್ಲದ 16ರ ದೇಹ ಗರ್ಭ ಹೊತ್ತರೆ ತಾಯಿ-ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಅದೆಲ್ಲಕ್ಕಿಂತ ಮಿಗಿಲಾಗಿ, ತನ್ನವರಿಲ್ಲವೆಂದು ನರಳುವ ಮಗುವಿಗೆ ಇನ್ನೂ ಅಪರಿಚಿತವಾದ ಮನೆಯನ್ನು ಔಷಧವೆಂದು ಕೊಡಲಾಗದು. ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಮಾತನ್ನು ಮುಂದೆಂದೂ ಎತ್ತಲಿಲ್ಲ.

ಹಾಗೆಂದು ಎಲ್ಲವೂ ಒಮ್ಮೆಲೇ ಸರಿಹೋಗಲಿಲ್ಲ. ಆ ವರ್ಷ ಅವಳು ಅನುತ್ತೀರ್ಣಳಾದಳು. ಮರುವರ್ಷ ವಾಣಿಜ್ಯ ವಿಭಾಗಕ್ಕೆ ಸೇರಿ ಮೊದಲಿನಿಂದ ಆರಂಭಿಸಿದಳು. ಆ ನಿರ್ಧಾರವನ್ನು ಜೀರ್ಣಿಸಿಕೊಳ್ಳಲು ತಂದೆಗೆ ಕಷ್ಟವಾಯಿತು. ಶನಿವಾರಗಳಂದು ಹಳ್ಳಿಗೆ ಹೋಗಿ ಸಂಘದ ಲೆಕ್ಕ ಬರೆಯುವುದನ್ನು ಮತ್ತೆ ಹಿಡಿದಳು.

ಅಪಾಯದ ಸೂಚನೆಗಳು

ವಾದ ಮಾಡುವುದು, ಒಂಟಿಯಾಗಿರಲು ಬಯಸುವುದು, ಗೆಳತಿಯರಿಗೆ ಹೆಚ್ಚು ಸಮಯ ಕೊಡುವುದು ಇವು ಬೆಳವಣಿಗೆಯ ಭಾಗ. ಆದರೆ ಕೆಳಗಿನವುಗಳಲ್ಲಿ ಯಾವುದೇ ಕಂಡರೂ ತಡಮಾಡಬಾರದು:

1. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ರೆ, ಹಸಿವು, ಆಸಕ್ತಿಗಳು ಕುಗ್ಗಿರುವುದು.

2. ಕೈಗಳ ಮೇಲೆ ಕೊಯ್ದುಕೊಂಡ ಗುರುತುಗಳು, ಸೆಕೆಯಲ್ಲಿಯೂ ತುಂಬುತೋಳಿನ ಉಡುಪಿನಲ್ಲಿ ಅವನ್ನು ಮರೆಮಾಡುವುದು.

3. ಸಾವಿನ ಮಾತು, ‘ನಾನಿಲ್ಲದಿದ್ದರೆ ನಿಮಗೆ ಆರಾಮ’ ಎಂಬಂತಹ ಮಾತು. ಇದನ್ನು ಬೆದರಿಕೆಯೆಂದು ತಳ್ಳಿಹಾಕಬಾರದು. ‘ಸಾಯಬೇಕೆನಿಸುತ್ತಿದೆಯೇ?’ ಎಂದು ಮೃದುವಾಗಿ, ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ.

4. ಒಬ್ಬ ವ್ಯಕ್ತಿಯನ್ನು ಅಥವಾ ಒಂದು ಸ್ಥಳವನ್ನು ಕಂಡರೆ ಇದ್ದಕ್ಕಿದ್ದಂತೆ ಹೆದರುವುದು. ಇದರ ಹಿಂದೆ ಲೈಂಗಿಕ ದೌರ್ಜನ್ಯವಿರಬಹುದು. ನಮ್ಮ ನರ್ಸ್ ಆ ಹುಡುಗಿಯನ್ನು ಈ ಬಗ್ಗೆ ಮೊದಲೇ ವಿಚಾರಿಸಿದ್ದರು, ಅಂತಹುದೇನೂ ಇರಲಿಲ್ಲ. ಇದ್ದರೆ ಮಗುವನ್ನು ನಂಬಬೇಕು. 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮನೆಯ ಮಾನಕ್ಕೆಂದು ಮುಚ್ಚಿಡುವುದು ಮಗುವಿಗೆ ಮಾಡುವ ಎರಡನೆಯ ಅನ್ಯಾಯ.

ರೈತಕುಟುಂಬಗಳಿಗೆ ಒಂದು ವಿಶೇಷ ಸೂಚನೆ: ಬೆಳೆಗೆ ಸಿಂಪಡಿಸುವ ಔಷಧದ ಡಬ್ಬಿಗಳು ಮನೆಯೊಳಗೆ ಇರಬಾರದು, ಬೇರೆಡೆ ಬೀಗದಲ್ಲಿರಬೇಕು. ಒಂದು ಕ್ಷಣದ ಆವೇಗವು ಕೈಗೆಟುಕುವ ವಿಷದಿಂದಲೇ ಮರಣವಾಗುತ್ತದೆ. ಆವೇಗ ಇಳಿಯುವವರೆಗೆ ವಿಷ ಸಿಗದಿದ್ದರೆ ಜೀವ ಉಳಿಯುತ್ತದೆ.

ಇಂತಹ ಸಂದರ್ಭಗಳಲ್ಲಿ ಆಯುರ್ವೇದದ ವೈದ್ಯನಾದ ನಾನೂ ರೋಗಿಯನ್ನು ಮನೋವೈದ್ಯರಲ್ಲಿಗೆ ಕಳುಹಿಸುತ್ತೇನೆ. ಅದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಈ ಎರಡು ಸಂಖ್ಯೆಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ.

ಕೊನೆಯಲ್ಲಿ

ಮಗಳು ದಿನಕ್ಕೆ ಹತ್ತು ನಿಮಿಷ ಮಾತನಾಡಿದರೆ ನಡುವೆ ಬಾಯಿ ಹಾಕದೆ ಕೇಳುವ ಒಬ್ಬರಾದರೂ ಮನೆಯಲ್ಲಿರಲಿ. ಅದು ತಾಯಿಯೇ ಆಗಬೇಕೆಂದಿಲ್ಲ. ಚಿಕ್ಕಮ್ಮನಾಗಲಿ, ಸೋದರಮಾವನಾಗಲಿ, ಶಿಕ್ಷಕಿಯಾಗಲಿ. ‘ನೀನು ಇನ್ನೊಬ್ಬರ ಮನೆಗೆ ಹೋಗುವವಳು’ ಎಂಬ ಮಾತನ್ನು ಇಂದಿನಿಂದ ಬಿಟ್ಟುಬಿಡೋಣ. ಅವಳು ಎಲ್ಲಿಗೇ ಹೋಗಲಿ, ಈ ಮನೆಯ ಬಾಗಿಲು ಅವಳದೂ ಹೌದೆಂದು ಬಾಯಿಬಿಟ್ಟು ಹೇಳೋಣ. ಹೇಳದೆಯೇ ತಿಳಿಯುತ್ತದೆ ಎಂದುಕೊಂಡು ನಾವು ಬಹಳ ಮಕ್ಕಳನ್ನು ದೂರ ಮಾಡಿಕೊಂಡಿದ್ದೇವೆ.

ಆ ಹುಡುಗಿ ಈಗ ಬಿ.ಕಾಂ. ಮೊದಲ ವರ್ಷದಲ್ಲಿದ್ದಾಳೆ. ಕೂದಲು ಇನ್ನೂ ಭುಜದವರೆಗೇ ಇದೆ. ಕಳೆದ ತಿಂಗಳು ಮೊಣಕಾಲುನೋವಿಗೆಂದು ಬಂದ ತಂದೆಯನ್ನು ಮಗಳು ಹೇಗಿದ್ದಾಳೆಂದು ಕೇಳಿದೆ. ‘ಇನ್ನೂ ವಾದಾ ಮಾಡ್ತಾಳ್ರಿ ಡಾಕ್ಟ್ರ’ ಎಂದು ನಕ್ಕರು. ಸ್ವಲ್ಪ ತಡೆದು, ‘ಆದ್ರ ಈಗ ನಮ್ಮ ಮುಂದ ಕುಂತು ಮಾಡ್ತಾಳ’ ಎಂದರು.